ಹಸೆ, ಕಾವಿ, ಪಕ್ಕದಲ್ಲೊಂದು ಕವಿತೆ

ಕೇಳುಗರಿಗೆ ನಮಸ್ಕಾರ.

ಈಚೆಗೆ ಶಿರಸಿಯಲ್ಲಿ ಒಂದು ಪ್ರದರ್ಶನ ನಡೆಯಿತು. ವಿಷಯ ನಮ್ಮ ಉತ್ತರ ಕನ್ನಡ ಜಿಲ್ಲೆಯ ಪರಂಪರೆ. ಒಂದು ಚಿತ್ರ, ಅದರ ಪಕ್ಕಕ್ಕೆ ಒಂದು ಕವಿತೆ. ಕವಿಗಳನ್ನೂ ಕಲಾವಿದರನ್ನೂ ಜೋಡಿ ಮಾಡಿ ಕೆಲಸ ಒಪ್ಪಿಸಿದ್ದರು. ಇಂಥ ಕಡೆ ಒಂದು ತೊಂದರೆ ಇದ್ದೇ ಇರುತ್ತದೆ. ಚಿತ್ರದಲ್ಲಿ ಕಂಡದ್ದನ್ನೇ ಕವಿತೆ ಇನ್ನೊಮ್ಮೆ ಹೇಳಿ ಕೈತೊಳೆದುಕೊಳ್ಳುತ್ತದೆ, ಮದುವೆ ಆಲ್ಬಮ್ಮಿನಲ್ಲಿ ಫೋಟೊ ಕೆಳಗೆ ಹೆಸರು ಬರೆದ ಹಾಗೆ.

ಬಾಗಿಲಲ್ಲೇ ಬನವಾಸಿ ಇತ್ತು. ಇರಲೇಬೇಕಲ್ಲ! ಮಧುಕೇಶ್ವರ ದೇವಸ್ಥಾನದ ದೊಡ್ಡದೊಂದು ತೈಲಚಿತ್ರ, ಪಕ್ಕದಲ್ಲಿ ಪಂಪನನ್ನು ನೆನೆದು ಬರೆದ ಪದ್ಯ. ಹತ್ತನೆಯ ಶತಮಾನದ ಆ ಕವಿ ಅರ್ಜುನನ ಬಾಯಲ್ಲಿ ಬನವಾಸಿಯ ಹಂಬಲ ಆಡಿಸಿ ಸಾವಿರ ವರ್ಷ ದಾಟಿತು. ಯಾರು ಅಂಕುಶವಿಟ್ಟು ತಡೆದರೂ ನನ್ನ ಮನಸ್ಸು ನೆನೆಯುವುದು ಬನವಾಸಿಯನ್ನೇ ಎಂದ ಅವನ ಆ ಅಂಕುಶಕ್ಕೆ ನಾವಿನ್ನೂ ಬಿಡುವು ಕೊಟ್ಟಿಲ್ಲ. ಅಲ್ಲಿ ಸೆಲ್ಫಿ ತೆಗೆಯುವವರ ಗದ್ದಲ. ನಾನು ಮುಂದೆ ಹೋದೆ.

ಕಾಲು ನಿಂತದ್ದು ಕಾವಿ ಕಲೆಯ ಎದುರು. ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಳೆಯ ದೇವಸ್ಥಾನಗಳ ಗೋಡೆ ನೋಡಿದವರಿಗೆ ಇದು ಗೊತ್ತು, ಬಿಳಿಯ ಮೇಲೆ ಕೆಂಪು, ಎರಡೇ ಬಣ್ಣ. ಶಿರಸಿಯ ಮಾರಿಕಾಂಬೆಯ ಗುಡಿಯಲ್ಲೂ ಉಂಟು. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಇದರ ಫೋಟೊ ತೆಗೆದು ಬರೆಯದಿದ್ದರೆ ಎಷ್ಟೋ ಜನಕ್ಕೆ ಇದೊಂದು ಕಲೆ ಎಂಬುದೇ ತಿಳಿಯುತ್ತಿರಲಿಲ್ಲ. ಮಾಡುವ ಬಗೆ ಹೀಗೆ: ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ದಿನಗಟ್ಟಲೆ ಕೊಳೆಸಿ ಕುಟ್ಟಿ ಹದ ಮಾಡಬೇಕು. ಗೋಡೆಗೆ ಮೊದಲು ಬಿಳಿ ಗಾರೆ. ಅದರ ಮೇಲೆ ಕೆಮ್ಮಣ್ಣು ಬೆರೆಸಿದ ತೆಳುವಾದ ಇನ್ನೊಂದು ಪದರ. ಅದು ಹಸಿಯಿರುವಾಗಲೇ ಚೂಪು ಉಕ್ಕಿನ ಕಡ್ಡಿಯಿಂದ ಕೆಂಪನ್ನು ಹೆರೆಯುತ್ತ ಹೋದರೆ ಒಳಗಿನ ಬಿಳಿ ಗೆರೆಯಾಗಿ ಮೂಡುತ್ತದೆ. ಒಣಗಿತೋ, ಕೆಲಸ ಕೆಟ್ಟಿತು. ಇಲ್ಲಿ ಬರೆದ ಕವಿ ಗಾರೆಯವರ ಪಕ್ಕದಲ್ಲಿ ಕೂತು ನೋಡಿಯೇ ಬರೆದಿರಬೇಕು. ಎರಡು ಸಾಲು ಓದುತ್ತೇನೆ:

ಕೆಂಪು ಆರುವ ಮೊದಲು ಕಣ್ಣು ಬಿಡಿಸು ಮಾರಾಯ,
ಬೆಳಗಾದರೆ ಈ ದೇವರು ಕುರುಡು.

ಚಿತ್ರದಲ್ಲಿ ಈ ಅವಸರ ಕಾಣುವುದಿಲ್ಲ. ಅಲ್ಲಿ ದೇವರು ನಿರಾಳವಾಗಿ ಕೂತಿದ್ದಾನೆ. ಕವಿತೆ ಓದಿ ತಿರುಗಿ ನೋಡಿದಾಗ, ಕಣ್ಣಿನ ಆ ಗೆರೆ ಸ್ವಲ್ಪ ಓರೆಯಾದದ್ದು ಯಾಕೆಂದು ಹೊಳೆಯಿತು. ಇಂಥ ಗೋಡೆಗಳು ಈಗ ಉಳಿದದ್ದೇ ಕಡಿಮೆ. ಜೀರ್ಣೋದ್ಧಾರ ಅಂತ ಶುರುವಾದರೆ ಮೊದಲು ಉದುರುವುದು ಗೋಡೆಯ ಗಾರೆ, ಆಮೇಲೆ ಬರುವುದು ಟೈಲ್ಸು.

ಇನ್ನೊಂದು ಮೂಲೆಯಲ್ಲಿ ಹಸೆ ಚಿತ್ತಾರ. ಶಿರಸಿ, ಸಿದ್ದಾಪುರ, ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವಂಥದ್ದು. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಕಾಗುವಂತೆ ಹುರಿದ ಅಕ್ಕಿ. ಕುಂಚಕ್ಕೆ ಪುಂಡಿ ನಾರು. ಬರೆಯುವವರು ಹೆಂಗಸರು, ಬರೆಯುತ್ತ ಹಾಡುವವರೂ ಅವರೇ. ಸಂಘಟಕರು ಹಸೆಯ ಪಕ್ಕಕ್ಕೆ ಒಬ್ಬ ತರುಣ ಕವಿಯ ಪದ್ಯ ತೂಗುಹಾಕಿದ್ದರು. ಒಳ್ಳೆಯ ಪದ್ಯವೇ. ಆದರೆ ಆ ಚಿತ್ತಾರ ಬರೆದ ಅಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. “ಅಮ್ಮಾ, ಹಸೆ ಹಾಡು ಒಂದು ಹೇಳ್ತೀರಾ?” ಅಂತ ಯಾರೋ ಕೇಳಿದರು. ಶುರು ಮಾಡಿ ಎರಡನೆಯ ನುಡಿಗೆ ತಡವರಿಸಿದರು. “ಸುಮ್ನೆ ಕೂತ್ರೆ ಬಾಯಿಗೆ ಬರೂದಿಲ್ಲ, ಕೈಗೆ ಏನಾದ್ರೂ ಕೊಡಿ” ಅಂದರು. ಹಾಳೆ, ಬಣ್ಣ ತಂದಿಟ್ಟರು. ಗೆರೆ ಹೊರಟಿತು, ಹಾಡೂ ಹೊರಟಿತು. ಎಳೆ ಮುಗಿಯುವ ಕಡೆ ನುಡಿಯೂ ಮುಗಿಯುತ್ತಿತ್ತು. ಪಕ್ಕದ ಪದ್ಯದ ಕಡೆ ಆಮೇಲೆ ಯಾರೂ ತಿರುಗಲಿಲ್ಲ. ಪಾಪ, ಆ ಹುಡುಗನೂ ನೆಲದ ಮೇಲೆ ಕೂತು ಕೇಳುತ್ತಿದ್ದ.

ಉಳಿದ ಚೌಕಟ್ಟುಗಳಲ್ಲಿ ಯಕ್ಷಗಾನದ ಕಿರೀಟ, ಗುಡಿಗಾರರ ಗಂಧದ ಕೆತ್ತನೆ, ಹೋಳಿಯ ಹೊತ್ತಿನ ಬೇಡರ ವೇಷದ ಕುಣಿತ ಎಲ್ಲ ಇದ್ದವು. ಹಾಜರಿ ಹಾಕಿದಂತೆ ಇದ್ದವು, ಅಷ್ಟೆ.

ಒಂದು ಕೊರತೆ ಹೇಳಲೇಬೇಕು. ಕಾರವಾರದ ಕಡಲಿನ ಚಿತ್ರ ಇತ್ತು, ಪಕ್ಕದಲ್ಲಿ ಟಾಗೋರರ ಹೆಸರೂ ಇತ್ತು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ರವೀಂದ್ರರು ಬಂದು ಉಳಿದಿದ್ದರು. ಪದ್ಯನಾಟಕವೊಂದನ್ನು ಇಲ್ಲೇ ಬರೆದರು. ಆಗ ಅವರಿಗೆ ವಯಸ್ಸು 22. ಇದನ್ನು ನಮ್ಮ ಮಕ್ಕಳೂ ಹೇಳುತ್ತಾರೆ. ಅದೇ ಕವಿ ಅರವತ್ತು ದಾಟಿದ ಮೇಲೆ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸಿ ಹಕ್ಕಿ, ಮೃಗ, ಮುಖ ಮಾಡುತ್ತ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವೇ ನಡೆಯಿತು. ಕವಿತೆ ಬರೆದ ಕೈಯೇ ಅದೇ ಹಾಳೆಯ ಮೇಲೆ ಚಿತ್ರ ಬರೆದ ಉದಾಹರಣೆ ಕಣ್ಣೆದುರಿಗಿದ್ದೂ, ಇವರು ತೂಗುಹಾಕಿದ್ದು ಸೂರ್ಯಾಸ್ತದ ಚಿತ್ರ! ಪ್ರದರ್ಶನ ಕಾರವಾರಕ್ಕೂ ಬರುವ ಮಾತಿದೆ. ಬರುವಾಗ ಸೂರ್ಯಾಸ್ತ ಶಿರಸಿಯಲ್ಲೇ ಉಳಿಯಲಿ, ಅಂಥದೊಂದು ಹಸ್ತಪ್ರತಿಯ ಪುಟದ ಪಡಿಯಚ್ಚು ಬರಲಿ. ಹಸೆ ಬರೆಯುವ ಅಮ್ಮನಿಗೆ ಬಸ್ ಚಾರ್ಜು ಕೊಟ್ಟು ಕರೆಸಲಿ, ಗೋಡೆಯನ್ನೂ ಖಾಲಿ ಬಿಡಲಿ.

ನಮಸ್ಕಾರ.