ವಿಜಾಪುರದ ವಕೀಲರು

ಕೇಳುಗರಿಗೆ ನಮಸ್ಕಾರ.

ಶರಣರ ವಚನಗಳನ್ನು ಹುಡುಕಿ ಅಚ್ಚು ಮಾಡಿಸಿದ ಡಾ. ಫ.ಗು. ಹಳಕಟ್ಟಿಯವರ ಹೆಸರು ಬಂತೆಂದರೆ ಸಭೆಗಳಲ್ಲಿ ಎರಡು ಮಾತು ತಪ್ಪುವುದಿಲ್ಲ. ಒಂದು, ಅವರ ಹರಿದ ಕೋಟು. ಇನ್ನೊಂದು, ಮುದ್ರಣಾಲಯಕ್ಕಾಗಿ ಅವರು ಮಾರಿದ ಮನೆ. ತ್ಯಾಗದ ಕಥೆಯನ್ನು ನಾವು ಎಷ್ಟು ರುಚಿಕಟ್ಟಾಗಿ ಹೇಳುತ್ತೇವೆಂದರೆ, ಅವರು ವೃತ್ತಿಯಿಂದ ವಕೀಲರಾಗಿದ್ದರು ಎಂಬುದು ಬದಿಗೆ ಸರಿದುಬಿಡುತ್ತದೆ. ನನಗೆ ಆ ವಕೀಲರ ಬಗ್ಗೆಯೇ ಹೆಚ್ಚು ಕುತೂಹಲ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಶಿಕ್ಷಕರು. ಮುಂಬಯಿಯಲ್ಲಿ ಓದಿ, ಕಾನೂನು ಪದವಿ ಪಡೆದು, 1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ಆರಂಭಿಸಿದರು. ಸ್ವಲ್ಪ ದಿನಗಳಲ್ಲೇ ವಿಜಾಪುರಕ್ಕೆ ಬಂದರು. ಮುಂದೆ ಅದೇ ಅವರ ಊರಾಯಿತು.

ಆಗಿನ ವಿಜಾಪುರ ಮುಂಬಯಿ ಪ್ರಾಂತದ ಅಂಚಿನ ಜಿಲ್ಲೆ. ಮಳೆ ಕೈಕೊಟ್ಟರೆ ಜೋಳವೂ ಇಲ್ಲ, ಕುಡಿಯುವ ನೀರೂ ಇಲ್ಲ. ಇಂಥ ಊರಿನಲ್ಲಿ ವಕೀಲನ ಬಾಗಿಲಿಗೆ ಬರುವವರು ಯಾರು? ಸಾಲದ ಪತ್ರ ಹಿಡಿದವರು, ಹೊಲದ ತಗಾದೆ ಹೊತ್ತವರು. ಅಂಥವರ ಪರವಾಗಿ ಕೋರ್ಟಿನಲ್ಲಿ ವಾದಿಸಿ ಶುಲ್ಕ ಪಡೆದು ಮನೆಗೆ ಹೋಗಬಹುದಿತ್ತು. ಹಳಕಟ್ಟಿಯವರು ಅಷ್ಟಕ್ಕೆ ನಿಲ್ಲಲಿಲ್ಲ. 1910ರಲ್ಲಿ ಲಿಂಗಾಯತ ವಿದ್ಯಾಸಂಸ್ಥೆ ಕಟ್ಟುವ ಕೆಲಸದಲ್ಲಿ ಮುಂದಾಳಾದರು. ಇಂದು ಬಿ.ಎಲ್.ಡಿ.ಇ. ಎಂದು ಎಲ್ಲರೂ ಕರೆಯುವ ಸಂಸ್ಥೆ ಅದೇ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಬಂತು. ಪುರಸಭೆಯ ಕೆಲಸ, ಮುಂಬಯಿ ಶಾಸನ ಪರಿಷತ್ತಿನ ಸದಸ್ಯತ್ವ, ಇವೂ ಅದೇ ದಾರಿಯಲ್ಲಿ ಬಂದವು. ಶಾಲೆ, ಬ್ಯಾಂಕು, ಪುರಸಭೆ: ಭಕ್ತನೊಬ್ಬ ಹಿಡಿಯುವ ಕೆಲಸಗಳ ಪಟ್ಟಿ ಇದಲ್ಲ ಎಂದು ಯಾರಾದರೂ ಹೇಳಿಯಾರು. ಅವರು ಹಾಗೆ ಎಣಿಸಿದಂತೆ ಕಾಣುವುದಿಲ್ಲ.

ಇನ್ನು ವಚನಗಳ ವಿಷಯ. ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬರುವಾಗ ಹೆಚ್ಚಾಗಿ ಮಠಗಳಲ್ಲಿ, ಮನೆಗಳ ದೇವರ ಕೋಣೆಗಳಲ್ಲಿ ತಾಡೋಲೆಯ ಕಟ್ಟುಗಳಾಗಿ ಉಳಿದಿದ್ದವು. ಜನ ಅವುಗಳಿಗೆ ವಿಭೂತಿ ಹಚ್ಚಿ ಹೂವು ಏರಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರು ಕಡಿಮೆ. ಪೂಜೆಯಲ್ಲಿಟ್ಟದ್ದನ್ನು ಪರವೂರಿನ ವಕೀಲರೊಬ್ಬರು ಬಂದು ಕೇಳಿದರೆ ಸುಮ್ಮನೆ ಕೊಡುವುದುಂಟೆ? ಕೋರ್ಟಿನ ಕೆಲಸಗಳ ನಡುವೆ ಹಳ್ಳಿ ತಿರುಗಬೇಕು, ಮನೆಯವರನ್ನು ಒಲಿಸಬೇಕು, ಕೊಟ್ಟರೆ ತರಬೇಕು, ಕೊಡದಿದ್ದರೆ ಅಲ್ಲಿಯೇ ಪ್ರತಿ ಮಾಡಬೇಕು. ಗರಿಗಳನ್ನು ಹುಳು ತಿಂದಿರುತ್ತದೆ. ಪದಗಳ ನಡುವೆ ಬಿಡುವಿಲ್ಲ. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ತಾಳೆಯಾಗದಿದ್ದಾಗ ವಕೀಲ ಏನು ಮಾಡುತ್ತಾನೋ ಅದನ್ನೇ ಇಲ್ಲಿಯೂ ಮಾಡಬೇಕಿತ್ತು.

1922ರಲ್ಲಿ ಬಸವಣ್ಣನವರ ವಚನಗಳ ಅವರ ಇಂಗ್ಲಿಷ್ ಅನುವಾದ ‘ಇಂಡಿಯನ್ ಆಂಟಿಕ್ವರಿ’ ಎಂಬ ಸಂಶೋಧನ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಮುದ್ರಣವಾಗಿ ಬಂತು. ಅದರಲ್ಲಿ ವಚನಗಳನ್ನು ವಿಷಯವಾರು ಜೋಡಿಸಿದ್ದಾರೆ. ಇದನ್ನು ನೋಡಿದಾಗಲೆಲ್ಲ ನನಗೆ ವಕೀಲರೇ ಎದುರಿಗೆ ನಿಂತಂತಾಗುತ್ತದೆ. ಒಂದೊಂದು ವಿಷಯವೂ ವಾದದ ಒಂದೊಂದು ಅಂಶ. ಅದರ ಕೆಳಗೆ ಒಬ್ಬರಾದ ಮೇಲೆ ಒಬ್ಬ ಶರಣರ ಸಾಕ್ಷಿ. ಇಲ್ಲಿ ಶಾಸ್ತ್ರವಿದೆ, ಧರ್ಮಕ್ಕೆ ಆಧಾರ ಕನ್ನಡದಲ್ಲೇ ಇದೆ ಎಂದು ಅವರು ವಾದಿಸುತ್ತಿದ್ದರು. ಈ ಜೋಡಣೆಯಿಂದ ಒಬ್ಬೊಬ್ಬ ಶರಣರ ಬಿಡಿ ದನಿ ಸ್ವಲ್ಪ ಮಸುಕಾಯಿತು ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಆಕ್ಷೇಪಿಸುವುದಕ್ಕೂ ಪಠ್ಯವೊಂದು ಅಚ್ಚಾಗಿ ಕೈಯಲ್ಲಿರಬೇಕಲ್ಲ!

ಅಚ್ಚು ಮಾಡಿಸಲು ಬೇರೆಯವರನ್ನು ನೆಚ್ಚಿಕೊಂಡರೆ ಆಗದೆಂದು 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯ ತೆರೆದರು. ಮಾರಿದ ಮನೆಯ ಮಾತು ಬರುವುದು ಇಲ್ಲಿ. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮುಂದಿನ ವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಹರಿಹರನ ರಗಳೆಗಳೂ ಅವರ ಕೈಯಿಂದ ಬೆಳಕು ಕಂಡವು. ಒಂದು ಕಾಲಕ್ಕೆ ಐವತ್ತರಷ್ಟು ಗೊತ್ತಿದ್ದ ವಚನಕಾರರ ಸಂಖ್ಯೆ ಇನ್ನೂರು ದಾಟಿತು. ಹೀಗಾಗಿ ವಕೀಲಿಯ ಗಳಿಕೆ ಅಚ್ಚಿನ ಮೊಳೆಗೂ ಕಾಗದಕ್ಕೂ ಹರಿಯಿತು. ಬರಬರುತ್ತ ವಕೀಲಿಯೇ ಹಿಂದೆ ಬಿತ್ತು. ಮನೆಯ ಸಂಸಾರ ಅದರ ಬೆಲೆ ತೆತ್ತಿತು. ತ್ಯಾಗವನ್ನು ಹೊಗಳುವಾಗ ನಾವು ಅವರೊಬ್ಬರ ಹೆಸರನ್ನಷ್ಟೇ ಹೇಳುತ್ತೇವೆ, ಅದು ನ್ಯಾಯವಲ್ಲ.

ಗೌರವಗಳು ಬರದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಿ.ಲಿಟ್. 1964ರ ಜೂನ್ 29ರಂದು ಅವರು ತೀರಿಕೊಂಡರು.

ಅವರ ಹುಟ್ಟುಹಬ್ಬವನ್ನು ಈಗ ವಚನ ಸಂರಕ್ಷಣಾ ದಿನವೆಂದು ಆಚರಿಸುತ್ತಾರೆ. ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಭಾಷಣಗಳಾಗುತ್ತವೆ. ಹಾಕಲಿ, ಬೇಡವೆನ್ನುವುದಿಲ್ಲ. ಆದರೆ ಅಂದು ಊರಿನ ಗ್ರಂಥಾಲಯದಲ್ಲಿ ‘ಶಿವಾನುಭವ’ದ ಹಳೆಯ ಸಂಚಿಕೆಯೊಂದು ಸಿಕ್ಕರೆ, ಹಾರ ಹಾಕುವ ಮೊದಲು ಅದರ ನಾಲ್ಕು ಪುಟ ಓದಿ. ಗರಿಗಳಿಗೆ ಪೂಜೆ ಸಾಕು, ಓದು ಬೇಕು ಎಂದೇ ಅಲ್ಲವೆ ಅವರು ಹಳ್ಳಿ ಹಳ್ಳಿ ತಿರುಗಿದ್ದು? ನಮಸ್ಕಾರ.