ಉಪ್ಪು ನೋಡ್ಲಿಕ್ಕೆ ಅಕ್ಟೋಬರ್ ಎಂತಕ್ಕೆ?

ನಮಸ್ಕಾರ, ಉಡುಪಿಯಿಂದ. ಗೋಕರ್ಣದ ಹತ್ರ ಸಾಣಿಕಟ್ಟೆಯ ಉಪ್ಪಿನಾಗರಕ್ಕೆ, ಅಂದ್ರೆ ಕಡಲನೀರು ಒಣಗಿಸಿ ಉಪ್ಪು ತೆಗೆಯುವ ಗದ್ದೆಗೆ, ಮಾರ್ಚ್‌ನಲ್ಲಿ ಸೈಕಲ್ ಟೂರ್ ಅಂದ ಕೂಡ್ಲೇ ಒಂದು ಕಮೆಂಟ್: "ಅಕ್ಟೋಬರ್‌ನಲ್ಲಿ ಇಡಿ, ಹಸಿರು ಇರ್ತದೆ, ಫೋಟೋ ಚಂದ ಬರ್ತದೆ." ಹಸಿರು ಬೇಕಾದ್ರೆ ಆಗುಂಬೆಗೆ ಹೋಗಿ ಮಾರಾಯ್ರೇ. ಉಪ್ಪು ಬೇಸಿಗೆಯ ಬೆಳೆ.

ಲೆಕ್ಕ ಕೇಳಿ. ಒಂದು ಲೀಟರ್ ಕಡಲನೀರಿನಲ್ಲಿ ಲವಣ ಸುಮಾರು 35 ಗ್ರಾಂ. ನೀರು ಎಷ್ಟು ಗಟ್ಟಿ ಅಂತ ಅಳೆಯುವ ಬೋಮೆ ಮಾಪಕ ಅದ್ದಿದ್ರೆ 3 ಚಿಲ್ಲರೆ ಡಿಗ್ರಿ. ಉಪ್ಪು ಹರಳುಗಟ್ಟುವುದು 25 ದಾಟಿದ ಮೇಲೆ. ಅಂದ್ರೆ ಹತ್ತು ಪಾಲು ನೀರಲ್ಲಿ ಒಂಬತ್ತನ್ನು ಬಿಸಿಲೇ ಕುಡಿಯಬೇಕು. ನೀರನ್ನು ಪಾತಿಯಿಂದ ಪಾತಿಗೆ ದಾಟಿಸುವುದು ಸುಮ್ಮನೆ ಅಲ್ಲ. ಕಡಲನೀರಲ್ಲೇ ಇರುವ ಜಿಪ್ಸಂ ಅನ್ನುವ ಇನ್ನೊಂದು ಲವಣ ಉಪ್ಪಿಗಿಂತ ಮೊದಲೇ ತಳಕ್ಕೆ ಕೂರ್ತದೆ, ಅದನ್ನು ಹಿಂದಿನ ಪಾತಿಯಲ್ಲೇ ಬಿಟ್ಟು ಬರಬೇಕು. 29–30 ಡಿಗ್ರಿಗೆ ಉಳಿದ ನೀರನ್ನು ಹೊರಗೆ ಬಿಡದಿದ್ರೆ ಮೆಗ್ನೀಸಿಯಂ ಸೇರಿ ಉಪ್ಪು ಕಹಿಯಾಗ್ತದೆ, ತೇವ ಎಳೆದು ಚೀಲದಲ್ಲೇ ಒಸರ್ತದೆ. ಮೆಟ್ಟಿ ಮೆಟ್ಟಿ ಗಟ್ಟಿ ಮಾಡಿದ ಕೆಸರಿನ ತಳದ ಮೇಲೆ ಉಪ್ಪು ಒಟ್ಟು ಮಾಡ್ಲಿಕ್ಕೆ ಹಲಗೆಯನ್ನು ಹಗುರಾಗಿ ಎಳೀಬೇಕು. ಸ್ವಲ್ಪ ಒತ್ತಿದ್ರೂ ಮಣ್ಣು ಎದ್ದು ಬಿಳಿ ರಾಶಿ ಕಂದಾಗ್ತದೆ. ಇದನ್ನೆಲ್ಲ ಅಕ್ಟೋಬರ್‌ನಲ್ಲಿ ಎಲ್ಲಿ ತೋರಿಸುದು? ಆಗ ಅಲ್ಲಿರುವುದು ಮಳೆನೀರು. ಉಪ್ಪು ಬೇಸಿಗೆಯ ಬೆಳೆ!

"ಇತಿಹಾಸಕ್ಕೆ ಎಂತ ಬೇಸಿಗೆ?" ಅಂತ ಇನ್ನೊಬ್ರು. ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6. ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದದ್ದು ಏಪ್ರಿಲ್ 13. ಏಪ್ರಿಲ್, ಕೇಳಿಸ್ತಾ? ನಮ್ಮ ಉಪ್ಪಿನಕುದ್ರು, ಉಪ್ಪಿನಂಗಡಿ, ಹೆಸರಲ್ಲೇ ಉಪ್ಪು ಉಂಟು. ಅದನ್ನು ಹೇಳ್ಲಿಕ್ಕೆ ಯಾವ ತಿಂಗಳಾದ್ರೂ ಆದೀತು. ಹರಳು ಕಟ್ಟುವುದನ್ನು ತೋರಿಸ್ಲಿಕ್ಕೆ ಆಗ್ಲಿಕ್ಕಿಲ್ಲ.

ಬಿಸಿಲು ಜೋರಾ? ಗೋಕರ್ಣ ರೋಡ್ ಸ್ಟೇಷನ್‌ನಿಂದ ಬೆಳಿಗ್ಗೆ ಆರಕ್ಕೆ ತುಳಿಯಿರಿ, ಒಬ್ಬೊಬ್ರು ಎರಡೆರಡು ಬಾಟ್ಲಿ ನೀರು ಇಟ್ಕೊಳ್ಳಿ. ಆಗರದ ಬದುವಿನ ಮೇಲೆ ಸೈಕಲ್ ಹತ್ತಿಸ್ಬೇಡಿ. ಬದು ಒಡೆದ್ರೆ ಎಷ್ಟೋ ದಿನ ಬಿಸಿಲಿಗೆ ಬೇಯಿಸಿದ ನೀರು ಸೋರಿಹೋಗ್ತದೆ. ಉಪ್ಪು ತೆಗೆಯುವವರ ಹೊಟ್ಟೆಪಾಡು ಅದು.

ಸೈಕಲ್‌ಗೆ ತುಕ್ಕು ಹಿಡೀತದಂತೆ. ವಾಪಸ್ ಬಂದ ದಿನವೇ ಚೈನನ್ನು ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಿಡಿ. ಚಕ್ರದ ನಡುವಿನ ಹಬ್‌ಗೆ ಪ್ರೆಷರ್ ವಾಷರ್ ಹಿಡೀಬೇಡಿ, ಗ್ರೀಸ್ ಹೋಗಿ ಉಪ್ಪುನೀರು ಒಳಗೆ ನುಗ್ತದೆ. ಇದರದ್ದೇ ಬೇರೆ ವಿಡಿಯೋ ಬರ್ತದೆ, ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ.

ಅಕ್ಟೋಬರ್ ಅಂತ ಇನ್ನು ಬರೀಬೇಡಿ, ಆಯ್ತಾ? ಬೇಸಿಗೆಯ ಬೆಳೆ, ಬೇಸಿಗೆಯ ಬೆಳೆ! ಬರುವವರು ಕೆಳಗೆ "ಮಾರ್ಚ್" ಅಂತ ಮಾತ್ರ ಬರೆಯಿರಿ.