ಹದಗೆಟ್ಟ ರಸ್ತೆಯನ್ನು ಮುಚ್ಚುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಮನೆಗಳ ನಡುವಿನ ಸಣ್ಣ ರಸ್ತೆ. ಸಿಗ್ನಲ್ ತಪ್ಪಿಸಿಕೊಳ್ಳಲು ಹೊರಗಿನ ಗಾಡಿಗಳೆಲ್ಲ ಅದರಲ್ಲೇ ನುಗ್ಗುತ್ತವೆ. ಡಾಂಬರು ಕಿತ್ತು ಬಂದಿದೆ. ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ: ಒಂದು ಕಡೆ ಮುಚ್ಚಿಬಿಡೋಣ, ಇಲ್ಲಿನವರು ಮಾತ್ರ ಓಡಾಡಲಿ. ಮುಚ್ಚಬಹುದು. ಆದರೆ ಯಾಕೆ ಮುಚ್ಚುತ್ತಿದ್ದೇವೆ ಅನ್ನೋದು ನಮಗೆ ಸ್ಪಷ್ಟವಾಗಿರಬೇಕು.

ರಸ್ತೆ ಉಳಿಸೋಕೆ ಅಂತಾದರೆ, ಮೊದಲು ಅದನ್ನು ಹಾಳು ಮಾಡುತ್ತಿರುವುದು ಏನು ಅಂತ ನೋಡಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ತೂಕದ ಲಾರಿಗಳನ್ನು ಓಡಿಸಿ ದೊಡ್ಡ ಪರೀಕ್ಷೆ ನಡೆಸಿದರು. ಆಕ್ಸಲ್, ಅಂದರೆ ಎರಡು ಬದಿಯ ಚಕ್ರಗಳನ್ನು ಸೇರಿಸುವ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟು ಆಗುತ್ತದೆ ಅನ್ನುವ ಲೆಕ್ಕ ಅಲ್ಲಿಂದ ಬಂತು. ಕಾರಿನ ಆಕ್ಸಲ್ ಮೇಲೆ ಅರ್ಧ ಟನ್, ಲಾರಿಯ ಆಕ್ಸಲ್ ಮೇಲೆ 10 ಟನ್ ಅಂದುಕೊಳ್ಳಿ. ಭಾರ 20 ಪಟ್ಟು; ಇದೇ ಲೆಕ್ಕದಲ್ಲಿ ಹಾನಿ 20×20×20×20, ಅಂದರೆ 1,60,000 ಪಟ್ಟು! ಜೊತೆಗೆ ನೀರು. ಬಿರುಕಿನಲ್ಲಿ ಇಳಿದ ನೀರು ತಳದ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಮೇಲೆ ಚಕ್ರ ಹರಿದರೆ ಗುಂಡಿ. ಹಾಗಾಗಿ ಕಾರು, ಸ್ಕೂಟರ್ ತಡೆದರೆ ಡಾಂಬರಿಗೆ ಸಿಗುವ ಲಾಭ ತೀರಾ ಕಡಿಮೆ. ಕಸದ ಲಾರಿ ಹೇಗೂ ಬರಲೇಬೇಕು. ರಸ್ತೆ ಮುಚ್ಚಿದ ಮೇಲೆ ಅದು ಕೊನೆಯಲ್ಲಿ ತಿರುಗಬೇಕು. ಅಲ್ಲೇ ತಿರುಗಿಸಿ ತಿರುಗಿಸಿ ಟೈರು ಮೇಲಿನ ಪದರವನ್ನು ಉಜ್ಜಿ ಕೀಳುತ್ತದೆ. ರಸ್ತೆಯೇ ಚಿಂತೆಯಾದರೆ ಹೊರಗಿನ ಭಾರಿ ಗಾಡಿಗಳನ್ನು ತಡೆಯಿರಿ, ಚರಂಡಿ ಸ್ವಚ್ಛ ಮಾಡಿಸಿ.

ಜನರಿಗಾಗಿ ಮುಚ್ಚುತ್ತೇವೆ ಅಂದರೆ ನಾನು ಪೂರ್ತಿ ನಿಮ್ಮ ಜೊತೆ. 1960ರ ದಶಕದ ಕೊನೆಯಲ್ಲಿ ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ಥರದ ಮೂರು ಬೀದಿಗಳನ್ನು ಅಧ್ಯಯನ ಮಾಡಿದರು. ಗಾಡಿ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿದ್ದ ಗೆಳೆಯರು, ಗಾಡಿ ಜಾಸ್ತಿ ಇದ್ದ ಬೀದಿಯವರಿಗಿಂತ ಸುಮಾರು ಮೂರು ಪಟ್ಟು. ಮಕ್ಕಳು ಬಾಗಿಲಾಚೆ ಆಡಬೇಕು, ವಯಸ್ಸಾದವರು ಹೆದರದೆ ದಾಟಬೇಕು. ರಸ್ತೆ ಮುಚ್ಚೋಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಆ ಗಾಡಿಗಳೆಲ್ಲ ತಮ್ಮ ಬೀದಿಗೆ ನುಗ್ಗುತ್ತವೆ ಅನ್ನುವ ಪಕ್ಕದ ಬೀದಿಯವರ ಭಯವೂ ನ್ಯಾಯವಾದದ್ದೇ, ಅಲ್ವಾ? ರಸ್ತೆಯ ಜಾಗ ಕಡಿಮೆಯಾದಾಗ ಗಾಡಿಗಳಲ್ಲಿ ಒಂದು ಪಾಲು ಎಲ್ಲೂ ಕಾಣದೆ ಹೋಗುತ್ತದೆ ಅಂತ 1998ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿತು. ಕೆಲವರು ಸಮಯ ಬದಲಿಸುತ್ತಾರೆ, ಕೆಲವರು ನಡೆಯುತ್ತಾರೆ. ಆದರೆ ಜಾಗದಿಂದ ಜಾಗಕ್ಕೆ ಫಲ ತುಂಬಾ ಬೇರೆಯಾಗಿತ್ತು. ಅದಕ್ಕೇ ಮೊದಲು ಕೆಲವು ತಿಂಗಳು ಪ್ರಯೋಗ ಮಾಡಿ. ಎತ್ತಿಡಬಹುದಾದ ಕಂಬ ಸಾಕು. ಸೈಕಲ್, ಗಾಲಿಕುರ್ಚಿ ಸರಾಗವಾಗಿ ದಾಟಲಿ. ಆಂಬುಲೆನ್ಸ್, ಅಗ್ನಿಶಾಮಕದವರ ಹತ್ತಿರ ಕಂಬದ ಕೀ ಇರಲಿ, ಅವರನ್ನು ಮೊದಲೇ ಕರೆಸಿ ಗಾಡಿ ಓಡಿಸಿ ನೋಡಲಿ. ಮುಚ್ಚುವ ಮುಂಚೆ ಮತ್ತು ಆಮೇಲೆ, ಪಕ್ಕದ ಬೀದಿಗಳಲ್ಲೂ ಗಾಡಿ ಎಣಿಸಿ. ಆ ಬೀದಿಯವರು ತೀರ್ಮಾನದ ಸಭೆಯಲ್ಲಿ ಕೂತಿರಬೇಕು.

ಕಡೆಯದಾಗಿ ಒಂದು ಕೋರಿಕೆ. ಓಡಾಟ ಕಡಿಮೆಯಾದ ರಸ್ತೆಯ ದುರಸ್ತಿಯನ್ನು ಮುಂದೂಡುವುದು ಬಹಳ ಸುಲಭ. ರಸ್ತೆ ಮುಚ್ಚುವ ಆದೇಶದಲ್ಲೇ ದುರಸ್ತಿಯ ತಾರೀಖನ್ನೂ ಬರೆಸಿಕೊಳ್ಳಿ.